ಬಂದ್ ಬಾಡಿ ಗಾಡಿಯಲ್ಲಿ ಎರಡು ಬೈಕು, ಒಂದು ಆಕ್ಟಿವಾ: ಪುಣೆಯಿಂದ ಮಾಪುಸಾಕ್ಕೆ ಬೀಳದಂತೆ ಕಟ್ಟುವುದು ಹೇಗೆ?

ಭೋಸರಿ_ಬುಲೆಟ್ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಪುಣೆ ಪಕ್ಕದ ಪಿಂಪರಿಯಿಂದ ಗೋವಾದ ಮಾಪುಸಾಕ್ಕೆ ಮೂರು ಗಾಡಿ ಹೋಗಬೇಕು: ಹಿಮಾಲಯನ್ 411, ಹೊಸ ಕ್ಲಾಸಿಕ್ 350, ಆಕ್ಟಿವಾ 6ಜಿ. ಮಳೆಗಾಲ ಅಂತ 14 ಅಡಿ ಬಂದ್ ಬಾಡಿ (ಎಲ್ಲ ಕಡೆ ಮುಚ್ಚಿದ) ಗಾಡಿಯನ್ನೇ ಬಾಡಿಗೆಗೆ ಮಾತಾಡಿದ್ದೇವೆ. ಒಳಗಿನ ಅಗಲ 1.8 ಮೀಟರ್. ನೆಲಕ್ಕೆ ಪ್ಲೈವುಡ್, ಪಕ್ಕಕ್ಕೆ ತಗಡು, ಅಲ್ಲಲ್ಲಿ ತೆಳ್ಳನೆಯ ಕಂಬಿ ಕೊಕ್ಕೆಗಳಿವೆ. ದಾರಿ ಸಾತಾರಾ, ಕೊಲ್ಲಾಪುರ, ನಿಪ್ಪಾಣಿ, ಆಜರಾ, ಅಂಬೋಲಿ ಘಾಟ್, ಸಾವಂತವಾಡಿ.

ಡ್ರೈವರ್ ಹೇಳೋದು: ಸೈಡ್ ಸ್ಟ್ಯಾಂಡ್ ಹಾಕಿ ಗೋಡೆಗೆ ಒರಗಿಸಿ, ನಡುವೆ ಹಳೇ ಗಾದಿ ತುರುಕಿ, ಹಗ್ಗದಲ್ಲಿ ಬಿಗಿದರೆ ಸಾಕು. ನನಗೆ ಧೈರ್ಯ ಬರ್ತಿಲ್ಲ. ನಮ್ಮ ಹತ್ತಿರ ಲಾರಿಯವರು ಬಳಸುವ, ಹಿಡಿ ಆಡಿಸಿ ಬಿಗಿಯುವ 50 ಮಿ.ಮೀ. ಅಗಲದ ರ‍್ಯಾಚೆಟ್ ಬೆಲ್ಟ್ ನಾಲ್ಕಿವೆ. ಅವು ನಡೆಯುತ್ತವೆಯೇ? ಎಷ್ಟು ಬೆಲ್ಟ್ ಬೇಕು, ಎಲ್ಲಿಗೆ ಕಟ್ಟಬೇಕು, ಎಷ್ಟು ಬಿಗಿಯಬೇಕು? ಬಾಡಿಗೆ ಗಾಡಿಯಾದ್ದರಿಂದ ನೆಲಕ್ಕೆ ತೂತು ಹೊಡೆಯಲು ಮಾಲೀಕರು ಒಪ್ಪುವುದು ಕಷ್ಟ.

ಖಂಬಾಟಕಿ_ತಿರುವು ಉತ್ತರ:

ಡ್ರೈವರ್ ಮಾತು ಕೇಳಬೇಡಿ ಸರ್. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಬೆಲ್ಟ್ ಬಿಗಿದರೆ ಬೆಲ್ಟಿನ ಸೆಳೆತವೆಲ್ಲ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಗುಂಡಿ ಸಿಕ್ಕಾಗಲೆಲ್ಲ ಅದು ಪ್ಲೈವುಡ್ ಒಳಗೆ ಇಳಿಯುತ್ತದೆ, ಇಲ್ಲವೇ ಸ್ಟ್ಯಾಂಡಿನ ಬ್ರ್ಯಾಕೆಟ್ ಬಾಗುತ್ತದೆ. ಕಾಲು ಅರ್ಧ ಇಂಚು ಕುಸಿದರೂ ಒಂದು ಕಡೆಯ ಬೆಲ್ಟ್ ಸಡಿಲ. ಸೆಂಟರ್ ಸ್ಟ್ಯಾಂಡೂ ಬೇಡ, ಅದರ ಮೇಲೆ ಬೈಕು ತೊಟ್ಟಿಲಾಡುತ್ತದೆ. ಸ್ಟ್ಯಾಂಡ್ ಎರಡೂ ಮೇಲೆ, ಚಕ್ರ ಎರಡೂ ನೆಲದ ಮೇಲೆ, ಬೈಕು ನೆಟ್ಟಗೆ. ಹ್ಯಾಂಡಲ್ ಲಾಕ್ ಹಾಕಬಾರದು. ಲಾಕ್ ಹಾಕಿದರೆ ಹ್ಯಾಂಡಲ್ ಒಂದು ಕಡೆ ತಿರುಗಿಯೇ ಇರುತ್ತದೆ, ಎರಡು ಬದಿಯ ಬೆಲ್ಟುಗಳ ಸೆಳೆತ ಎಂದಿಗೂ ಸಮವಾಗದು.

ನಿಮ್ಮ 50 ಮಿ.ಮೀ. ಬೆಲ್ಟುಗಳ ತೊಂದರೆ ಶಕ್ತಿ ಸಾಲದ್ದಲ್ಲ, ಹೆಚ್ಚಾದದ್ದು. ಅದರ ಹಿಡಿಗೆ ಕೈಯಿಂದ 50 ಕೆಜಿ ಬಲ ಕೊಟ್ಟರೆ ಬೆಲ್ಟಿನಲ್ಲಿ 300 ಕೆಜಿಯಷ್ಟು ಸೆಳೆತ ಹುಟ್ಟುತ್ತದೆ. ಎರಡು ಸಲ ಎಳೆಯುವುದರೊಳಗೆ ಫೋರ್ಕ್ (ಮುಂದಿನ ಸಸ್ಪೆನ್ಷನ್) ಪೂರ್ತಿ ಕೂತುಬಿಡುತ್ತದೆ. ಹುಕ್ಕುಗಳೂ ದೊಡ್ಡವು, ಬೈಕಿನ ಜಾಗಗಳಿಗೆ ಸೇರುವುದಿಲ್ಲ. 25 ಅಥವಾ 35 ಮಿ.ಮೀ. ಅಗಲದ ಪಾಲಿಯೆಸ್ಟರ್ ಬೆಲ್ಟ್ ತನ್ನಿ. ಮೇಲೆ ಹೊಲಿದ ಚೀಟಿಯಲ್ಲಿ ಎಲ್‌ಸಿ (LC) ಎಂದು ಬರೆದ ಅಂಕಿ ನೋಡಿ, ಅದೇ ಬೆಲ್ಟಿನ ಕೆಲಸದ ಮಿತಿ. ಅದು ಡೆಕಾನ್ಯೂಟನ್ ಲೆಕ್ಕ, ಹೆಚ್ಚುಕಡಿಮೆ ಕೆಜಿ ಎಂದೇ ತಿಳಿಯಿರಿ. ನೇರ ಸೆಳೆತಕ್ಕೆ ಕನಿಷ್ಠ 400 ಇರಲಿ. ಪ್ಯಾಕೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘1 ಟನ್’ ಅಂತ ಇರುವುದು ಬಹಳ ಸಲ ಹರಿಯುವ ಮಿತಿ, ಕೆಲಸದ ಮಿತಿಯಲ್ಲ. ಯುರೋಪಿನ ಪದ್ಧತಿಯ ಚೀಟಿಯಾದರೆ ನೀಲಿ ಅಂದರೆ ಪಾಲಿಯೆಸ್ಟರ್, ಹಸಿರು ನೈಲಾನ್, ಕಂದು ಪಾಲಿಪ್ರೊಪಿಲೀನ್. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ನಿಮ್ಮ ದಾರಿಗೆ ಈ ಕಾಲದಲ್ಲಿ ಬೇಡ. ಕೊಕ್ಕೆಗೆ ನಾಲಗೆ ಇರುವಂಥದ್ದೇ ಆಗಬೇಕು. ಬರೀ ಎಸ್ ಹುಕ್ ಆದರೆ ಗಾಡಿ ಕುಕ್ಕಿದಾಗ ಬೆಲ್ಟ್ ಒಂದು ಕ್ಷಣ ಸಡಿಲಾಗಿ ಕೊಕ್ಕೆ ಕಳಚಿಕೊಳ್ಳುತ್ತದೆ.

ಒಂದು ಬೈಕಿಗೆ ನಾಲ್ಕು ಬೆಲ್ಟ್, ಹಿಂಚಕ್ರಕ್ಕೆ ಇನ್ನೊಂದು ಚಿಕ್ಕದು. ಜೊತೆಗೆ ನಾಲ್ಕು ಸಾಫ್ಟ್ ಲೂಪ್, ಅಂದರೆ ಎರಡೂ ತುದಿಗೆ ಕಣ್ಣಿ ಹೊಲಿದ ಒಂದೂವರೆ ಅಡಿಯ ಬಟ್ಟೆಪಟ್ಟಿ. ಕೊಕ್ಕೆ ಬೈಕಿನ ಲೋಹವನ್ನು ಮುಟ್ಟಬಾರದು, ಲೂಪಿನ ಕಣ್ಣಿಗೆ ಮಾತ್ರ.

ಮುಂದಿನ ಲೂಪ್ ಎಲ್ಲಿಗೆ? ಹ್ಯಾಂಡಲ್‌ನ ಹಿಡಿಗಳಿಗಂತೂ ಅಲ್ಲ. ಹಿಡಿ ಜಾರುತ್ತದೆ, ಹ್ಯಾಂಡಲ್ ಕ್ಲ್ಯಾಂಪಿನೊಳಗೇ ತಿರುಗುತ್ತದೆ. ಫೋರ್ಕಿನ ಎರಡು ಕೊಳವೆಗಳನ್ನು ಹಿಡಿದಿರುವ ಕೆಳಗಿನ ಯೋಕ್ ಇದೆಯಲ್ಲ, ಅದರ ಸುತ್ತ ಹಾಕಿ. ಬ್ರೇಕ್ ಹೋಸ್, ಎಬಿಎಸ್ ವೈರ್, ಆಕ್ಸಿಲರೇಟರ್ ಕೇಬಲ್ ಲೂಪಿನ ಅಡಿಗೆ ಸಿಕ್ಕಿಲ್ಲವೆಂದು ಬೆರಳಾಡಿಸಿ ನೋಡಿ. ಹಿಮಾಲಯನ್‌ನ ಟ್ಯಾಂಕ್ ಪಕ್ಕದಲ್ಲಿರುವ ಕಂಬಿ ನೋಡಿದರೆ ಎಲ್ಲರಿಗೂ ಅಲ್ಲೇ ಕೊಕ್ಕೆ ಹಾಕುವ ಆಸೆ. ಅದು ಸಾಮಾನು ಕಟ್ಟುವುದಕ್ಕೆ ಇರುವುದು, ಇಡೀ ಬೈಕನ್ನು ಕೆಳಕ್ಕೆ ಜಗ್ಗುವುದಕ್ಕಲ್ಲ.

ಹಿಂದಿನ ಲೂಪ್ ಹಿಂಚಕ್ರವನ್ನು ಹಿಡಿದಿರುವ ತೋಳಿಗೆ, ಅಂದರೆ ಸ್ವಿಂಗ್ ಆರ್ಮ್‌ಗೆ, ಅಥವಾ ಹಿಂದೆ ಕೂರುವವರ ಫುಟ್‌ರೆಸ್ಟ್ ಕೂಡುವಲ್ಲಿ ಫ್ರೇಮಿಗೆ. ಸೈಲೆನ್ಸರ್ ಆರಿರಬೇಕು. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿ ದಾಟಿದ ಮೇಲೆ ಎಂಬುದು ನಿಜ, ಆದರೆ ಓಡಿಸಿ ತಂದ ಬೈಕಿನ ಬೆಂಡ್ ಪೈಪ್ ಅದನ್ನು ಸುಲಭವಾಗಿ ಮುಟ್ಟುತ್ತದೆ.

ಎಷ್ಟು ಬಿಗಿಯಬೇಕು ಎಂಬುದನ್ನು ಕೈಗೆ ಬಿಡಬೇಡಿ, ಟೇಪಿಗೆ ಬಿಡಿ. ಬೈಕನ್ನು ನೆಟ್ಟಗೆ ನಿಲ್ಲಿಸಿ ಮುಂಚಕ್ರದ ಆಕ್ಸಲ್‌ನಿಂದ ಕೆಳ ಯೋಕ್‌ವರೆಗೆ ಅಳೆದು ಬರೆದುಕೊಳ್ಳಿ. ಹಿಮಾಲಯನ್‌ನ ಮುಂದಿನ ಸಸ್ಪೆನ್ಷನ್ ಒಟ್ಟು ಓಟ 200 ಮಿ.ಮೀ., ಕ್ಲಾಸಿಕ್‌ನದು 130. ಬೈಕಿನ ಸ್ವಂತ ಭಾರಕ್ಕೇ ಅದರಲ್ಲಿ ಸ್ವಲ್ಪ ಇಳಿದಿರುತ್ತದೆ. ಅಲ್ಲಿಂದ ಮುಂದೆ ಹಿಮಾಲಯನ್ 5ರಿಂದ 6 ಸೆಂ.ಮೀ., ಕ್ಲಾಸಿಕ್ 3 ಸೆಂ.ಮೀ. ಇಳಿಯಲಿ, ಸಾಕು. ಪೂರ್ತಿ ಕೂರಿಸಿದರೆ ಸೀಲ್ ಹೋಗುತ್ತದೆ ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಬೇರೆ: ಕುಕ್ಕಿದಾಗ ಮಣಿಯಲು ಫೋರ್ಕಿನಲ್ಲಿ ಜಾಗವಿಲ್ಲದಿದ್ದರೆ ಆ ಏಟು ನೇರವಾಗಿ ಕೊಕ್ಕೆಗೆ, ಕೊಕ್ಕೆ ಕೂರಿಸಿದ ನೆಲಕ್ಕೆ ಹೋಗುತ್ತದೆ. ತೀರಾ ಕಡಿಮೆ ಇಳಿಸಿದರೆ ಉಲ್ಟಾ, ಗುಂಡಿಯಲ್ಲಿ ಬೆಲ್ಟ್ ಜೋತುಬೀಳುತ್ತದೆ.

ಎಡ ಬಲ ಒಂದೊಂದು ಹಲ್ಲಿನಂತೆ ಸರದಿಯಲ್ಲಿ ಬಿಗಿಯಿರಿ, ಒಬ್ಬರು ಸೀಟು ಹಿಡಿದಿರಲಿ. ಮುಂದಿನವು ಮುಗಿದ ಮೇಲೆ ಹಿಂದಿನವು. ಮುಂದಿನ ಬೆಲ್ಟು ಮುಂದಕ್ಕೂ ಹೊರಕ್ಕೂ ಎಳೆಯಬೇಕು, ಹಿಂದಿನದು ಹೊರಕ್ಕೂ ತುಸು ಹಿಂದಕ್ಕೂ. ರ‍್ಯಾಚೆಟ್ಟಿನ ಉರುಳೆಗೆ ಬೆಲ್ಟ್ ಎರಡು ಸುತ್ತಾದರೂ ಬಿದ್ದಿರಲಿ. ಮೂರು ದಾಟಿದರೆ ಉಂಡೆಯಾಗಿ ಬಿಚ್ಚುವಾಗ ಸತಾಯಿಸುತ್ತದೆ, ಹಾಗಾಗಿ ಮೊದಲೇ ಕೈಯಲ್ಲಿ ಎಳೆದು ಉದ್ದ ಕಡಿಮೆ ಮಾಡಿಕೊಳ್ಳಿ. ಬೆಲ್ಟ್ ಉದ್ದವಾಯಿತೆಂದು ಗಂಟು ಹಾಕಬೇಡಿ. ಗಂಟು ಬಿದ್ದ ಬೆಲ್ಟಿನ ಶಕ್ತಿ ಅರ್ಧಕ್ಕೆ ಇಳಿಯಿತೆಂದೇ ಲೆಕ್ಕ.

ನಾಗದೇವಿ_ಗಲ್ಲಿ ಉತ್ತರ:

ಮೇಲಿನವರು ಬೆಲ್ಟಿನ ಬಗ್ಗೆ ಹೇಳಿದ್ದು ಸರಿ. ಆದರೆ ಬಂದ್ ಬಾಡಿಯಲ್ಲಿ ಬೆಲ್ಟ್ ಹರಿಯುವುದು ಅಪರೂಪ. ಕಿತ್ತುಬರುವುದು ಕೊಕ್ಕೆ. ನೀವು ಹೇಳಿದ ಆ ತೆಳ್ಳನೆಯ ಕಂಬಿ ಕೊಕ್ಕೆಗಳು ತಗಡಿಗೆ ರಿವೆಟ್ ಹೊಡೆದವು, ಟಾರ್ಪಾಲು ಕಟ್ಟಲಿಕ್ಕೆ ಸರಿ. ಬೈಕಿಗೆ ಮುಟ್ಟಲೇಬೇಡಿ.

ಲೆಕ್ಕ ಹಾಕೋಣ. ಸರಕು ಬಿಗಿಯುವ ಯುರೋಪಿನ ಪ್ರಮಾಣದಲ್ಲಿ ಜೋರು ಬ್ರೇಕಿಗೆ ಸರಕಿನ ತೂಕದ 0.8 ಪಾಲು ಮುಂದಕ್ಕೆ, ತಿರುವಿಗೆ 0.5 ಪಾಲು ಪಕ್ಕಕ್ಕೆ ಬಲ ಬೀಳುತ್ತದೆಂದು ಹಿಡಿಯುತ್ತಾರೆ. ಹಿಮಾಲಯನ್ 200 ಕೆಜಿ ಅನ್ನಿ. ಮುಂದಕ್ಕೆ 160 ಕೆಜಿ, ಪಕ್ಕಕ್ಕೆ 100 ಕೆಜಿ. ಬೈಕಿನ ಭಾರದ ಕೇಂದ್ರ ನೆಲದಿಂದ 60 ಸೆಂ.ಮೀ., ಬೆಲ್ಟ್ ಕಟ್ಟಿದ ಎತ್ತರ 80 ಸೆಂ.ಮೀ. ಎಂದುಕೊಳ್ಳಿ. ನೆಲದ ಕೊಕ್ಕೆ ಚಕ್ರದ ಗೆರೆಯಿಂದ 35 ಸೆಂ.ಮೀ. ಹೊರಗಿದ್ದರೆ ತಿರುವಿನಲ್ಲಿ ಆ ಬದಿಯ ಎರಡು ಬೆಲ್ಟುಗಳ ಮೇಲೆ ತಲಾ 95 ಕೆಜಿ ಹತ್ತಿರ ಹೆಚ್ಚುವರಿ ಸೆಳೆತ ಬೀಳುತ್ತದೆ. ಅದೇ ಕೊಕ್ಕೆ ಗೆರೆಯಿಂದ ಬರೀ 15 ಸೆಂ.ಮೀ. ದೂರವಿದ್ದರೆ ತಲಾ 200 ಕೆಜಿ. ಜಾಗವಿಲ್ಲವೆಂದು ಬೆಲ್ಟನ್ನು ನೆಟ್ಟಗೆ ಇಳಿಸುವವರು ಇದನ್ನು ಗಮನಿಸುವುದಿಲ್ಲ. ಬೆಲ್ಟ್ ಎಷ್ಟು ದಪ್ಪ ಎನ್ನುವುದಕ್ಕಿಂತ ಅದರ ಕೆಳತುದಿ ಎಷ್ಟು ಅಗಲಕ್ಕೆ ಚಾಚಿದೆ ಎನ್ನುವುದೇ ಮುಖ್ಯ.

ಸ್ವಂತ ಗಾಡಿಯಾಗಿದ್ದರೆ: ಎಂ10 ಬೋಲ್ಟ್ (8.8 ದರ್ಜೆ), ಡಿ-ರಿಂಗ್ (ಕೊಕ್ಕೆ ಸಿಕ್ಕಿಸುವ ಡಿ ಆಕಾರದ ಬಳೆ), ನೆಲದಡಿಗೆ 75×75×6 ಮಿ.ಮೀ. ಕಬ್ಬಿಣದ ಪಟ್ಟಿ, ಅಲುಗಾಟಕ್ಕೆ ಸಡಿಲಾಗದ ನೈಲಾಕ್ ನಟ್. ಆದಷ್ಟು ಬಾಡಿಯ ಅಡ್ಡಪಟ್ಟಿಯ ಪಕ್ಕದಲ್ಲೇ ಬರಲಿ. ತೂತು ಹೊಡೆಯುವ ಮುಂಚೆ ಕೆಳಗೆ ಇಣುಕಿ ನೋಡಿ, ಬ್ರೇಕ್ ಪೈಪು, ವೈರಿಂಗ್ ಅಲ್ಲೇ ಹಾದಿರುತ್ತದೆ. ಚಾಸಿಯ ಉದ್ದ ತೊಲೆಗೆ ಡ್ರಿಲ್ ತಾಗಿಸಬೇಡಿ. ಪ್ಲೈವುಡ್‌ಗೆ ಬರೀ ಸ್ಕ್ರೂ ಹೊಡೆದ ಡಿ-ರಿಂಗ್ ಮಾತ್ರ ಹಗ್ಗಕ್ಕಿಂತ ಅಪಾಯ, ಯಾಕೆಂದರೆ ನೋಡಲು ಗಟ್ಟಿಯಾಗಿ ಕಾಣುತ್ತದೆ.

ನಿಮ್ಮದು ಬಾಡಿಗೆ ಗಾಡಿ, ಆದ್ದರಿಂದ ಹಲಗೆಯ ದಾರಿ. 8×4 ಅಡಿಯ 19 ಮಿ.ಮೀ. ಪ್ಲೈವುಡ್ ಒಂದು ತನ್ನಿ. ಅದರ ಮೇಲೆ ಎರಡು ವ್ಹೀಲ್ ಚಾಕ್, ಅಂದರೆ ಮುಂಚಕ್ರ ಸಿಕ್ಕಿಸುವ ಕಬ್ಬಿಣದ ತೊಟ್ಟಿಲು, ಬೋಲ್ಟ್ ಮಾಡಿ. ಹಲಗೆಯ ಎರಡು ಪಕ್ಕದ ಅಂಚಿಗೂ ಮೂರು ಮೂರು ಡಿ-ರಿಂಗ್, ನಡುಗೆರೆಗೆ ಮೂರು. ಬೋಲ್ಟಿನ ತಲೆ ಕೆಳಗೆ ಉಬ್ಬದಂತೆ ಅಡಿಗೆ 2 ಇಂಚು ಅಗಲದ ಮರದ ಪಟ್ಟಿಗಳು, ಅವುಗಳ ಕೆಳಗೆ ರಬ್ಬರ್ ಮ್ಯಾಟ್. ಬೈಕುಗಳ ಭಾರವೇ ಹಲಗೆಯನ್ನು ಒತ್ತಿ ಹಿಡಿಯುತ್ತದೆ. ಹಲಗೆಯ ಮುಂದಿನ ಅಂಚು ಕ್ಯಾಬಿನ್ ಕಡೆಯ ಗೋಡೆಗೆ ತಾಗಿರಲಿ, ಎರಡು ಪಕ್ಕದ ಸಂದಿಗೂ ಹಿಂದಿನ ಅಂಚಿಗೂ ಮರದ ತುಂಡು ಕೊಟ್ಟು ಬಂದ್ ಮಾಡಿ.

ಒಂದು ಎಚ್ಚರ. ಒಂದೊಂದು ಬೈಕಿಗೆ ಒಂದೊಂದು ಹಲಗೆ ಅಂತ ಆ ಪ್ಲೈವುಡ್ಡನ್ನು ಉದ್ದಕ್ಕೆ ಸೀಳಬೇಡಿ. 2 ಅಡಿ ಅಗಲದ ಹಲಗೆಯ ಅಂಚು ಬೈಕಿನಿಂದ 30 ಸೆಂ.ಮೀ. ದೂರ, ಭಾರದ ಕೇಂದ್ರ 60 ಸೆಂ.ಮೀ. ಎತ್ತರ. ತಿರುವಿನ ಅರ್ಧ ಪಾಲು ಬಲಕ್ಕೆ ಅದು ಮಗುಚುವ ಅಂಚಿಗೆ ಬಂದು ನಿಲ್ಲುತ್ತದೆ, ಹಲಗೆ ಸಮೇತ. ಎರಡೂ ಬೈಕು ಒಂದೇ ಹಲಗೆಯ ಮೇಲಿದ್ದರೆ ಆ ಚಿಂತೆಯಿಲ್ಲ.

ಡಿ-ರಿಂಗು, ಬೋಲ್ಟು, ಪಟ್ಟಿ ಎಲ್ಲ ಪುಣೆಯಲ್ಲಾದರೆ ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಸಿಗುತ್ತವೆ. ಮುಂಬೈಗೆ ಬರುವವರಿದ್ದರೆ ಮಸ್ಜಿದ್ ಬಂದರ್ ಕಡೆಯ ನಾಗದೇವಿ ಸ್ಟ್ರೀಟ್.

ಭೋಸರಿ_ಬುಲೆಟ್:

ಬಹಳ ಉಪಕಾರ ಆಯ್ತು ಇಬ್ಬರಿಗೂ. ಹಲಗೆಯ ಐಡಿಯಾ ಹಿಡಿಸಿತು. ಎರಡು ಅನುಮಾನ. ಹ್ಯಾಂಡಲ್ ಹ್ಯಾಂಡಲ್ ತಾಗದ ಹಾಗೆ ಒಂದು ಬೈಕನ್ನು ಹಿಂದುಮುಂದಾಗಿ ನಿಲ್ಲಿಸಬಹುದಾ? ಆಕ್ಟಿವಾಗೆ ಯೋಕ್ ಕಾಣಿಸೋದೇ ಇಲ್ಲ, ಮುಂದೆಲ್ಲ ಪ್ಲಾಸ್ಟಿಕ್. ಅದಕ್ಕೆ ಬೆಲ್ಟ್ ಎಲ್ಲಿಗೆ?

ಖಂಬಾಟಕಿ_ತಿರುವು:

ಹಿಂದುಮುಂದು ಬೇಡ. ಬೈಕಿನ ಮುಖ ಕ್ಯಾಬಿನ್ ಕಡೆಗಿದ್ದರೆ ಬ್ರೇಕಿನ ಬಲ ಮುಂಚಕ್ರದ ಮೂಲಕ ಚಾಕ್‌ಗೆ, ಅಲ್ಲಿಂದ ಗೋಡೆಗೆ ಹೋಗುತ್ತದೆ. ತಿರುಗಿಸಿ ನಿಲ್ಲಿಸಿದರೆ ಬ್ರೇಕು ಹೊಡೆದಾಗ ಬೈಕು ಚಾಕ್‌ನಿಂದ ಹೊರಬರಲು ನೋಡುತ್ತದೆ, ಆ 160 ಕೆಜಿ ಪೂರ್ತಿ ಬೆಲ್ಟಿನ ಮೇಲೆ. ಬದಲಿಗೆ ಒಂದನ್ನು ಇನ್ನೊಂದಕ್ಕಿಂತ 30 ಸೆಂ.ಮೀ. ಹಿಂದೆ ನಿಲ್ಲಿಸಿ. ಹಿಮಾಲಯನ್ ಹ್ಯಾಂಡಲ್ 84 ಸೆಂ.ಮೀ., ಕ್ಲಾಸಿಕ್‌ದು 78 ಚಿಲ್ಲರೆ. ಮಿರರ್ ಬಿಚ್ಚಿ ಸೀಟಿನಡಿಗೋ ಚೀಲಕ್ಕೋ ಹಾಕಿದರೆ ಇಷ್ಟು ಅಂತರದಲ್ಲಿ ಹ್ಯಾಂಡಲ್‌ಗಳು ಒಂದಕ್ಕೊಂದು ಸಿಗುವುದಿಲ್ಲ. ಹಿಂದೆ ಸರಿದದ್ದರ ಚಾಕ್‌ ಹಲಗೆಗೇ ಬೋಲ್ಟ್ ಆಗಿರುವುದರಿಂದ ಅದಕ್ಕೂ ಗೋಡೆಯ ಆಸರೆ ಸಿಕ್ಕ ಹಾಗೇ. ಹಿಮಾಲಯನ್ ಮುಂದಿರಲಿ, ಆಕ್ಟಿವಾ ಅದರ ಹಿಂದಕ್ಕೆ ಬರಲಿ. ಹಿಮಾಲಯನ್ 219 ಸೆಂ.ಮೀ., ಆಕ್ಟಿವಾ 183. ಕೂಡಿಸಿದರೆ 402, ನಿಮ್ಮ 14 ಅಡಿ ಅಂದರೆ 427. ಸರಿಯಾಗಿ ಕೂರುತ್ತದೆ, ಆದರೆ ಹಿಂಬಾಗಿಲಿಗೆ ತಾಗದಂತೆ ಮೊದಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಳ್ಳಿ.

ಆಕ್ಟಿವಾ ವಿಷಯ ಸ್ಕೂಟರ್ ಬಲ್ಲವರು ಹೇಳಲಿ.

ಕುರ್ಲಾ_ಗ್ಯಾರೇಜ್ ಉತ್ತರ:

ಆಕ್ಟಿವಾಗೆ ಹ್ಯಾಂಡಲ್ ಕವರ್ ಮೇಲೆ ಬೆಲ್ಟ್ ಹಾಕಿದರೆ ಕವರಿನ ಲಾಕುಗಳು ಪಟಪಟ ಮುರಿಯುತ್ತವೆ. ಕಾಲಿಡುವ ಜಾಗವೇ ಅದರ ಗಟ್ಟಿ ಜಾಗ, ಏಕೆಂದರೆ ಅದರಡಿಗೆ ಫ್ರೇಮಿನ ಪೈಪಿದೆ. ಫುಟ್‌ಬೋರ್ಡಿನ ಮೇಲೆ ರಬ್ಬರ್ ತುಂಡು, ಅದರ ಮೇಲೆ ಅಡ್ಡಕ್ಕೆ 2×4 ಇಂಚಿನ ಮರದ ತುಂಡು, ಅದರ ಮೇಲೆ ಬೆಲ್ಟ್, ಎರಡೂ ತುದಿ ನೆಲಕ್ಕೆ. ಮರದ ತುಂಡು ಫುಟ್‌ಬೋರ್ಡಿಗಿಂತ ಎರಡೂ ಕಡೆ ಒಂದೊಂದು ಇಂಚು ಹೊರಗೆ ಬರಲಿ, ಇಲ್ಲದಿದ್ದರೆ ಬೆಲ್ಟು ಪಕ್ಕದ ಪ್ಲಾಸ್ಟಿಕ್ಕನ್ನು ಕಚ್ಚುತ್ತದೆ. ಹಿಂದೆ ಕೂರುವವರು ಹಿಡಿಯುವ ಕಂಬಿಗೆ, ಅಂದರೆ ಗ್ರ್ಯಾಬ್ ರೇಲ್‌ಗೆ ಎರಡು ಬದಿ ಎರಡು ಬೆಲ್ಟ್. 105 ಕೆಜಿ ಆಸುಪಾಸಿನ ಗಾಡಿ, ಅದಕ್ಕೆ ಗ್ರ್ಯಾಬ್ ರೇಲ್ ಸಾಲುತ್ತದೆ. ಬೈಕಿಗೆ ಮಾತ್ರ ಅಲ್ಲಿ ಕಟ್ಟಬೇಡಿ. ಮುಂಚಕ್ರಕ್ಕೆ ಹಿಂದೆ ಮುಂದೆ ಮರದ ಬೆಣೆ. ಈ ಬೆಣೆಗೂ ಬೆಲ್ಟುಗಳಿಗೂ ನೆಲದಲ್ಲಿ ಆಧಾರ ಬೇಕಲ್ಲ, ಹಾಗಾಗಿ ಆಕ್ಟಿವಾಗೂ ಒಂದು ಹಲಗೆ ಬೇಕು, 6×4 ಅಡಿ. ಅದನ್ನು ದೊಡ್ಡ ಹಲಗೆಗೆ ಒತ್ತಿಟ್ಟು ಎರಡನ್ನೂ ಕಬ್ಬಿಣದ ಪಟ್ಟಿಯಿಂದ ಕೂಡಿಸಿ. 8 ಅಡಿ, 6 ಅಡಿ, ಒಟ್ಟು 14 ಆಗಿ ಬಾಗಿಲು ಮುಚ್ಚದೇ ಹೋದೀತು, ಆಕ್ಟಿವಾದ ಹಲಗೆಯನ್ನು ಎರಡು ಇಂಚು ಕಡಿಮೆ ಕೊಯ್ಸಿ.

ಗೇರಿನ ಬಗ್ಗೆ ಯಾರೂ ಹೇಳಲಿಲ್ಲ. ಬೈಕುಗಳನ್ನು ಮೊದಲ ಗೇರಿನಲ್ಲಿ ಬಿಡಿ ಅನ್ನುವುದು ನನ್ನ ಮತ.

ನಾಗದೇವಿ_ಗಲ್ಲಿ:

ಗೇರಿನಲ್ಲಿದ್ದರೂ ನ್ಯೂಟ್ರಲ್‌ನಲ್ಲಿದ್ದರೂ ದೊಡ್ಡ ವ್ಯತ್ಯಾಸವಿಲ್ಲ ಕಣ್ರೀ. ಚಾಕ್ ಸರಿಯಾಗಿದ್ದರೆ ಚಕ್ರ ಉರುಳುವುದೇ ಇಲ್ಲ, ಸರಿಯಿಲ್ಲದಿದ್ದರೆ ಗೇರು ಕಾಪಾಡುವುದಿಲ್ಲ. ಹತ್ತಿಸುವಾಗ ಇಳಿಸುವಾಗ ಮಾತ್ರ ಗೇರು ಬೇಕು.

ಕುರ್ಲಾ_ಗ್ಯಾರೇಜ್:

ಒಪ್ಪಿದೆ. ಹತ್ತಿಸುವ ಮಾತು ಬಂತಲ್ಲ, ಏಟು ಬೀಳುವುದು ದಾರಿಗಿಂತ ಹೆಚ್ಚಾಗಿ ರ‍್ಯಾಂಪಿನಲ್ಲೇ. 14 ಅಡಿ ಗಾಡಿಯ ನೆಲ ಮೀಟರ್ ಎತ್ತರ ಅಂದುಕೊಂಡರೆ ರ‍್ಯಾಂಪ್ 3 ಮೀಟರಾದರೂ ಬೇಕು, ಆಗ ಏರು 20 ಡಿಗ್ರಿಯೊಳಗೆ ನಿಲ್ಲುತ್ತದೆ. ರ‍್ಯಾಂಪಿನ ಮೇಲ್ತುದಿಯನ್ನು ಗಾಡಿಗೆ ಬೆಲ್ಟ್ ಹಾಕಿ ಕಟ್ಟಲೇಬೇಕು. ಹಿಂಚಕ್ರ ರ‍್ಯಾಂಪಿಗೆ ಹತ್ತಿದ ತಕ್ಷಣ ಅದು ರ‍್ಯಾಂಪನ್ನು ಹಿಂದಕ್ಕೆ ಒದೆಯುತ್ತದೆ, ಕಟ್ಟದಿದ್ದರೆ ರ‍್ಯಾಂಪು ಜಾರಿ ಬೈಕು, ಆಳು ಎರಡೂ ಕೆಳಗೆ. ನಿಮ್ಮ 50 ಮಿ.ಮೀ. ಬೆಲ್ಟುಗಳಿಗೆ ಇದೇ ಸರಿಯಾದ ಕೆಲಸ. ಬೈಕಿನ ಮೇಲೆ ಕೂತು ಹತ್ತಿಸಬೇಡಿ, ಅರ್ಧಕ್ಕೆ ನಿಂತರೆ ಕಾಲಿಗೆ ನೆಲ ಸಿಗುವುದಿಲ್ಲ. ಪಕ್ಕದಲ್ಲಿ ನಡೆಯುವವರಿಗೆ ಇನ್ನೊಂದು ಹಲಗೆ, ಹಿಂದೆ ಇಬ್ಬರು ತಳ್ಳಲು. ಇಳಿಸುವಾಗ ಎಂಜಿನ್ ಬಂದ್, ಮೊದಲ ಗೇರು, ಕ್ಲಚ್ಚನ್ನೇ ಬ್ರೇಕಿನಂತೆ ಬಿಟ್ಟು ಹಿಡಿದು ಇಳಿಸಿ. ಹಿಮ್ಮುಖವಾಗಿ ಇಳಿಯುವಾಗ ಭಾರವೆಲ್ಲ ಹಿಂಚಕ್ರದ ಮೇಲಿರುತ್ತದೆ, ಮುಂದಿನ ಬ್ರೇಕ್ ಒಂದನ್ನೇ ನಂಬಿದರೆ ಚಕ್ರ ಜಾರುತ್ತದೆ. ಆಕ್ಟಿವಾಗೆ ಕ್ಲಚ್ ಇಲ್ಲ, ಇಬ್ಬರು ಹಿಡಿದು ಹಿಂದಿನ ಬ್ರೇಕಿನಲ್ಲಿ ಇಳಿಸಿ. ಪುಣೆಯಲ್ಲಿ ಯಾವುದಾದರೂ ಗೋಡೌನಿನ ಲೋಡಿಂಗ್ ಕಟ್ಟೆ ಸಿಕ್ಕರೆ ಈ ರಗಳೆಯೇ ಇಲ್ಲ.

ವಾಸ್ಕೋ_ಕನ್ನಡಿಗ ಉತ್ತರ:

ಬಂದ್ ಬಾಡಿ ಅಂದಮೇಲೆ ಪೆಟ್ರೋಲ್ ಮಾತು ಮೊದಲು ಬರಬೇಕಿತ್ತು. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇರಲಿ, ಇಳಿದ ಮೇಲೆ ಬಂಕ್ ತಲುಪುವಷ್ಟು ಸಾಕು. ಕ್ಯಾನಿನಲ್ಲಿ ಬೇರೆ ಪೆಟ್ರೋಲ್ ಒಳಗಿಡಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ನೆಲದ ಮೇಲೇ ಹರಡಿ ನಿಲ್ಲುತ್ತದೆ. ಬಾಡಿಯಲ್ಲಿ ಗಾಳಿಕಿಂಡಿ ಮೇಲೆ ಮಾತ್ರ ಇದ್ದರೆ ಪ್ರಯೋಜನ ಕಡಿಮೆ, ಕೆಳಗೂ ಒಂದಿರಬೇಕು. ಮಳೆ ನೀರು ಬರುತ್ತದೆಂದು ಡ್ರೈವರು ಅದಕ್ಕೆ ಗೋಣಿ ತುರುಕಿರುತ್ತಾನೆ, ತೆಗೆಸಿ. ಬಾಗಿಲು ತೆಗೆದ ಕೂಡಲೇ ಒಳಗೆ ನುಗ್ಗಬೇಡಿ, ಐದು ನಿಮಿಷ ಗಾಳಿಯಾಡಲಿ. ಒಳಗಿನ ಲೈಟ್ ಸ್ವಿಚ್ ಒತ್ತುವುದೂ ಬೀಡಿ ಹಚ್ಚುವುದೂ ಆಮೇಲೆ. ಕ್ಯಾಬಿನ್ನಿನಲ್ಲಿ 2 ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಇರಲಿ. ಎಂಜಿನ್ನನ್ನು ಒಳಗೆ ಸ್ಟಾರ್ಟ್ ಮಾಡಬಾರದು, ತಳ್ಳಿ ಹೊರಗೆ ತಂದ ಮೇಲೆ ಮಾಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಇನ್ಸುಲೇಷನ್ ಟೇಪ್ ಸುತ್ತಿ.

ಬಣ್ಣ ಹಾಳಾಗುತ್ತದೆಂದು ಬೈಕಿಗೆ ಕವರ್ ಹಾಕಿ ಕಟ್ಟುತ್ತಾರಲ್ಲ, ಅದೇ ಬಣ್ಣ ತಿನ್ನುತ್ತದೆ. ಒಳಗೆ ಸಿಕ್ಕ ಧೂಳು, ಕವರಿನ ಅಲುಗಾಟ ಸೇರಿ ಮರಳು ಕಾಗದದ ಕೆಲಸ ಮಾಡುತ್ತವೆ. ಪ್ಲಾಸ್ಟಿಕ್ ಸುತ್ತಿದರೆ ಅಂಬೋಲಿಯ ತಂಪಿನಿಂದ ಕೆಳಗೆ ಸೆಕೆಗೆ ಇಳಿಯುವಾಗ ಒಳಗೆ ಬೆವರುತ್ತದೆ. ಗಾಡಿ ತೊಳೆದು ಒರೆಸಿ ಬರಿಮೈಯಲ್ಲೇ ಕಟ್ಟಿ. ಬೆಲ್ಟು ಮೈಗೆ ತಾಗುವ ಕಡೆ ಮಾತ್ರ ಹಳೇ ಸೈಕಲ್ ಟ್ಯೂಬ್ ಸೀಳಿ ಸುತ್ತಿ. ಟ್ಯಾಂಕಿನ ಪಕ್ಕಕ್ಕೆ ರ‍್ಯಾಚೆಟ್ಟಿನ ಕಬ್ಬಿಣ ಬರದಂತೆ ಅದನ್ನು ನೆಲದ ಕಡೆಯ ತುದಿಗೆ ಇಟ್ಟುಕೊಳ್ಳಿ. ಬೆಲ್ಟಿನ ಉಳಿದ ಬಾಲವನ್ನು ಮಡಿಸಿ ಕಟ್ಟಿ.

ಇನ್ನು ತಪಾಸಣೆ. ಹೊಸ ಬೆಲ್ಟು ಮೊದಲ ಅರ್ಧ ಗಂಟೆಯಲ್ಲೇ ಹಿಗ್ಗಿ ಮೂಲೆಗಳಲ್ಲಿ ಕೂರುತ್ತದೆ. ಖೇಡ್ ಶಿವಾಪುರ ಟೋಲ್ ದಾಟಿ ಗಾಡಿ ಪಕ್ಕಕ್ಕೆ ಹಾಕಿಸಿ, ಹದಿಮೂರೂ ಬೆಲ್ಟುಗಳನ್ನು ಒಂದೊಂದಾಗಿ ಕೈಯಿಂದ ಒತ್ತಿ ನೋಡಿ. ಎರಡನೇ ಸಲ ಖಂಬಾಟಕಿ ಘಾಟ್ ಇಳಿದ ಮೇಲೆ, ಮೂರನೇ ಸಲ ಊಟಕ್ಕೆ ನಿಂತಲ್ಲಿ, ಆಮೇಲೆ ಆಜರಾ ಬಿಟ್ಟು ಘಾಟ್ ಹಿಡಿಯುವ ಮುನ್ನ. ಸಡಿಲಾದದ್ದು ಒಂದೇ ಬೆಲ್ಟ್ ಅಂತ ಅದೊಂದನ್ನೇ ಬಿಗಿಯಬೇಡಿ, ಟೇಪು ಹಿಡಿದು ಯೋಕ್‌ನ ಅಳತೆ ಮತ್ತೆ ನೋಡಿ. ಒಂದು ಬದಿಯೇ ಪದೇ ಪದೇ ಸಡಿಲಾಗುತ್ತಿದ್ದರೆ ದೋಷ ಬೆಲ್ಟಿನಲ್ಲಿಲ್ಲ, ಆ ಬದಿಯ ಡಿ-ರಿಂಗ್ ಏಳುತ್ತಿದೆ ಅಥವಾ ಲೂಪ್ ಜಾರಿದೆ.

ಭೋಸರಿ_ಬುಲೆಟ್:

ಪಟ್ಟಿ ಹೀಗೆ ಬರೆದುಕೊಂಡೆ, ತಪ್ಪಿದ್ದರೆ ತಿದ್ದಿ: 35 ಮಿ.ಮೀ. ಬೆಲ್ಟ್ 8, ಹಿಂಚಕ್ರಕ್ಕೆ 25 ಮಿ.ಮೀ. 2, ಆಕ್ಟಿವಾಗೆ 25 ಮಿ.ಮೀ. 3, ಸಾಫ್ಟ್ ಲೂಪ್ 8, ಚಾಕ್ 2, ಡಿ-ರಿಂಗ್ 9 ಮತ್ತು ಆಕ್ಟಿವಾ ಹಲಗೆಗೆ 4. ರ‍್ಯಾಂಪಿಗೆ ಹಳೇ 50 ಮಿ.ಮೀ. ಬೆಲ್ಟು.

ನಾಗದೇವಿ_ಗಲ್ಲಿ:

ಆಕ್ಟಿವಾ ಗ್ರ್ಯಾಬ್ ರೇಲ್‌ಗೂ ಎರಡು ಲೂಪ್ ಸೇರಿಸಿ, ಒಟ್ಟು 10. ನಡುಗೆರೆಯ ರಿಂಗುಗಳಿಗೆ ಎರಡು ಬೈಕಿನ ಕೊಕ್ಕೆಗಳೂ ಬರುತ್ತವೆ, ಒಂದೇ ರಿಂಗಿನಲ್ಲಿ ಎರಡು ಕೊಕ್ಕೆ ಒಂದರ ಮೇಲೊಂದು ಹತ್ತಿದರೆ ನಾಲಗೆ ಮುಚ್ಚುವುದಿಲ್ಲ. ಅಲ್ಲಿ 3ರ ಬದಲು 6 ಹಾಕಿ, ದೊಡ್ಡ ಹಲಗೆಗೆ ಒಟ್ಟು 12. ಒಂದು ಬೆಲ್ಟ್ ಹೆಚ್ಚಿಗೆ ತಗೊಳ್ಳಿ, ಆಜರಾದ ಮುಂದೆ ರ‍್ಯಾಚೆಟ್ ಹಲ್ಲು ಕೈಕೊಟ್ಟರೆ ಅಂಗಡಿ ಹುಡುಕಿಕೊಂಡು ಹೋಗಲಾಗದು.